ಗಾಜಿನ ಕೊಳಕ್ಕೆ ಬಂದ ಬೇಸಿಗೆ

ಮುಧೋಳದ ಮಣ್ಣಿನಲ್ಲಿ ಹುಟ್ಟಿದ ರನ್ನಕವಿಯು ಹತ್ತನೆಯ ಶತಮಾನದಲ್ಲಿಯೇ ದುರ್ಯೋಧನನನ್ನು ನೀರಿನೊಳಗೆ ಬೆವರಿಸಿದನು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ಕೌರವನಿಗೆ ಭೀಮನ ಗರ್ಜನೆ ಕೇಳಿಸಿತು, ಅದಕ್ಕಾಗಿ ಬೆವರಿದನು ಎಂದು ತರಗತಿಯಲ್ಲಿ ನಾವು ವರುಷ ವರುಷವೂ ಹೇಳುತ್ತ ಬಂದಿದ್ದೇವೆ. ನನಗೆ ಮಾತ್ರ ಒಂದು ತುಂಟ ಸಂಶಯವಿದೆ: ಕವಿಯು ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ತನ್ನೂರಿನ ಕೆರೆಗೆ ಇಳಿದು ನೋಡಿಯೇ ಆ ಮಾತನ್ನು ಬರೆದಿರಬೇಕು!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬೇಸಿಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಪಾದರಸವು 40 ಡಿಗ್ರಿಯನ್ನು ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಮನುಷ್ಯನು ಬೆವರುತ್ತಾನೆ, ನೆರಳಿಗೆ ಸರಿಯುತ್ತಾನೆ. ಕೃಷ್ಣೆಯ ಮೀನು, ಘಟಪ್ರಭೆಯ ಮೀನು ಆಳವಾದ ಮಡುವನ್ನು ಹುಡುಕಿಕೊಳ್ಳುತ್ತದೆ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿರುವ ಬಂಗಾರದ ಮೀನು ಎಲ್ಲಿಗೆ ಹೋದೀತು? ಅದಕ್ಕೆ ಬೆವರಿಲ್ಲ, ನೀರಿನ ಬಿಸಿಯೇ ಅದರ ಮೈಯ ಬಿಸಿ.

ಕಳೆದ ವರ್ಷ ಇಂಥದೇ ಒಂದು ದಿನ ಮಧ್ಯಾಹ್ನ ವಿದ್ಯುತ್ತು ಹೋದದ್ದು ಸಂಜೆಯವರೆಗೂ ಬರಲಿಲ್ಲ. ತೊಟ್ಟಿಯಲ್ಲಿ ಗಾಳಿಯ ಗುಳ್ಳೆಗಳನ್ನು ಬಿಡುವ ಪಂಪು ನಿಂತಿತು. ಮೂರು ಮೀನುಗಳೂ ಮೇಲಕ್ಕೆ ಬಂದು ಬಾಯಿಯನ್ನು ತೆರೆದು ಮುಚ್ಚತೊಡಗಿದವು. “ಅಪ್ಪಾ, ಅವು ಏನೋ ಹೇಳಾಕತ್ತಾವ” ಎಂದಳು ಏಳು ವರ್ಷದ ಮಗಳು. ಅವು ಹೇಳುತ್ತಿದ್ದುದು ನನಗೆ ತಿಳಿಯಲಿಲ್ಲ. ಸೆಕೆಯೇ ಕಾರಣವೆಂದು ಬಗೆದು, ಫ್ರಿಜ್ಜಿನಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ತಂದು ಸುರಿದೆ; ತಣ್ಣೀರಿನ ಎರಡು ಬಾಟಲಿಗಳನ್ನೂ ಅದರ ಹಿಂದೆಯೇ ಬರಿದು ಮಾಡಿದೆ. ಮರುದಿನ ಬೆಳಗಿನಲ್ಲಿ ಎರಡು ಮೀನುಗಳು ಮಗುಚಿ ತೇಲುತ್ತಿದ್ದವು. ಮಗಳು ಅಳಲಿಲ್ಲ. ಉಳಿದ ಒಂದನ್ನು ನೋಡುತ್ತ ಶಾಲೆಯ ವೇಳೆಯಾಗುವವರೆಗೂ ಅಲ್ಲಿಯೇ ಕುಳಿತಿದ್ದಳು. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವು ಹೇಳುತ್ತಿದ್ದುದು ಉಸಿರಿನ ಮಾತು. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯನ್ನಷ್ಟೇ ಹಿಡಿಯಬಲ್ಲದು. ಅದೇ ಹೊತ್ತಿಗೆ ಮೀನಿನ ಮೈವ್ಯಾಪಾರ ಚುರುಕಾಗಿ ಅದಕ್ಕೆ ಬೇಕಾದ ಉಸಿರು ಹೆಚ್ಚಾಗುತ್ತದೆ. ಆದಾಯ ಇಳಿದಾಗಲೇ ಖರ್ಚು ಏರುವ ಸಂಸಾರವಿದು; ನಮ್ಮ ನಿಮ್ಮ ಮನೆಗಳಿಗೆ ಹೊಸದಲ್ಲ. ರಾತ್ರಿಯಲ್ಲಿ ತೊಟ್ಟಿಯ ಗಿಡಗಳೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವದಲ್ಲಿ ಕೊರತೆ ಹೆಚ್ಚು. ಇದರ ಮೇಲೆ ನನ್ನ ಮಂಜುಗಡ್ಡೆಯ ಆಘಾತ! ಅಂದು ನಾನು ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ, ಗೇಣುದ್ದ ಮೇಲಿನಿಂದ ಮತ್ತೆ ಮತ್ತೆ ಸುರಿಯುತ್ತ ಕುಳಿತಿದ್ದರೆ ನೀರಿಗೆ ಗಾಳಿ ಬೆರೆಯುತ್ತಿತ್ತು. ಬನಹಟ್ಟಿಯ ನೇಕಾರ ಗೆಳೆಯರೊಬ್ಬರು ಮಾಡುವುದು ಇದನ್ನೇ. ವಿದ್ಯುತ್ ಮಗ್ಗಗಳ ಸದ್ದು ನಿಂತಿತೆಂದರೆ ಅವರ ಮನೆಯ ಮಕ್ಕಳು ಹೇಳಿಸಿಕೊಳ್ಳದೆಯೇ ತಂಬಿಗೆ ಹಿಡಿಯುತ್ತಾರಂತೆ.

ಇನ್ನು ತಂಪಿನ ವಿಚಾರ. ಅದನ್ನು ಕಲಿಸಿದವಳು ನನ್ನ ಅವ್ವ. “ಕುಡಿಯೂ ನೀರಿನ ಹರವಿಗೆ ಹಸೀ ಅರಿವಿ ಸುತ್ತತೇವಲ್ಲೋ, ಇದಕ್ಕ ಯಾಕ ಸುತ್ತಬಾರದು?” ಎಂದಳು. ಭೌತಶಾಸ್ತ್ರದವರು ಹೇಳುವುದೂ ಇದನ್ನೇ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. 50 ಲೀಟರಿನ ತೊಟ್ಟಿಯಲ್ಲಿ ಅಷ್ಟು ಶಾಖ ಹೋದರೆ, ಹೊರಗಿನಿಂದ ಬಿಸಿ ಸೇರದಿದ್ದ ಪಕ್ಷದಲ್ಲಿ, ನೀರು 11 ಡಿಗ್ರಿಗೂ ಮಿಕ್ಕಿ ಇಳಿಯಬೇಕು. ಕೋಣೆಯ ಬಿಸಿ ಸುಮ್ಮನಿರುವುದಿಲ್ಲವಾದ್ದರಿಂದ ನಮ್ಮ ಕೈಗೆ ಸಿಕ್ಕುವುದು ಎರಡು, ಮೂರು, ಹೆಚ್ಚೆಂದರೆ ನಾಲ್ಕು ಡಿಗ್ರಿ. ಮೀನಿಗೆ ಅಷ್ಟೇ ಜೀವದಾನ. ತೊಟ್ಟಿಯ ಗಾಜಿನ ಮುಚ್ಚಳವನ್ನು ತೆಗೆದು, ಮೀನು ಹೊರಕ್ಕೆ ಜಿಗಿಯದಂತೆ ಬಲೆಯನ್ನು ಹೊದಿಸಿ, ಒಂದು ಸಣ್ಣ ಪಂಖಾದ ಗಾಳಿ ನೀರಿನ ಮೇಲೆ ಓರೆಯಾಗಿ ಹಾಯುವಂತೆ ಇಟ್ಟರೆ ಸಾಕು. ಮಂಗಳೂರಿನ ಬಂಧುಗಳಿಗೆ ಈ ಉಪಾಯ ಇಷ್ಟು ಫಲಿಸದು. ಅವರ ಗಾಳಿ ಮೊದಲೇ ತೊಯ್ದಿರುತ್ತದೆ. ನಮ್ಮ ಒಣಹವೆಯನ್ನು ಶಪಿಸುವವರು ಇದೊಂದನ್ನು ಅದರ ಲೆಕ್ಕಕ್ಕೆ ಜಮೆ ಮಾಡಬೇಕು.

ಆವಿಯಾಗಿ ಹೋದ ನೀರನ್ನು ದಿನವೂ ತುಂಬಿಸಬೇಕು. ಆದರೆ ನೀರು ಹೋದರೂ ಅದರ ಲವಣ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ಸುರಿಯುತ್ತಿದ್ದರೆ ತೊಟ್ಟಿ ಇನ್ನಷ್ಟು ಗಡಸಾಗುತ್ತದೆ. ಆದುದರಿಂದ ವಾರಕ್ಕೊಮ್ಮೆ ಸ್ವಲ್ಪ ಹಳೆಯ ನೀರನ್ನು ತೆಗೆಯುವುದು ಲೇಸು. ಮಂಜುಗಡ್ಡೆ ಬೇಕೇಬೇಕೆಂದರೆ ಅರ್ಧ ಲೀಟರಿನ ಬಾಟಲಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಬಿರಡೆಯನ್ನು ಬಿಗಿದು ತೇಲಬಿಡಬಹುದು. ಅದು ಪೂರ್ತಿ ಕರಗಿದರೂ ತೊಟ್ಟಿಯ ನೀರು ಇಳಿಯುವುದು ಸುಮಾರು ಒಂದು ಡಿಗ್ರಿ, ಅದೂ ನಿಧಾನವಾಗಿ. ದೀಪವನ್ನು ಆರಿಸುವುದು, ಆಹಾರವನ್ನು ಕಡಿಮೆ ಮಾಡುವುದು, ಪಡುವಣ ಕಿಟಕಿಯಿಂದ ದೂರವಿಡುವುದು, ಇವೆಲ್ಲ ಹೇಳದೆಯೂ ತಿಳಿಯುವ ಮಾತು. ತುಂಬಿದ ತೊಟ್ಟಿಯನ್ನು ಎತ್ತಲು ಮಾತ್ರ ಹೋಗಬೇಡಿ; 50 ಲೀಟರೆಂದರೆ ನೀರೇ 50 ಕಿಲೊ, ಗಾಜಿನ ಬೆಸುಗೆ ಬಿಟ್ಟುಕೊಂಡೀತು.

ಸಾಕಬೇಕಾದ ಮೀನಿನ ಆಯ್ಕೆಯ ಮಾತನ್ನೂ ಆಡಿಬಿಡುತ್ತೇನೆ. ಬಂಗಾರದ ಮೀನು ಚೀನಾದೇಶದ ತಣ್ಣೀರಿನ ಜೀವಿ, ಮೀನುಗಳಲ್ಲಿ ಗೆಂಡೆಯ ಬಳಗದ್ದು. ನಮ್ಮ ಪಡಸಾಲೆಯಲ್ಲಿ ಅದು ಮಾರ್ಚಿಯಿಂದಲೇ ಕಷ್ಟಪಡುತ್ತದೆ. ಗಪ್ಪಿ, ಮೋಲಿಗಳು ಬಿಸಿಯನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತವೆ. ಗೌರಾಮಿಗೆ ಮೇಲಿನ ಗಾಳಿಯನ್ನೇ ನುಂಗಿ ಉಸಿರಾಡುವ ಅಂಗವೂ ಉಂಟು. ಹೀಗೆಂದು ಮಗಳಿಗೂ ತಿಳಿಹೇಳಿದೆ. ಆದರೆ ಅವಳಿಗೆ ಬೇರೆ ಮೀನು ಬೇಡ, ಉಳಿದದ್ದೇ ಸಾಕು.

ಈ ವರ್ಷ ತೊಟ್ಟಿಯ ಮೂರು ಬದಿಗೆ ಅವ್ವನ ಹಳೆಯ ಸೀರೆಯ ಹಸಿ ತುಂಡು, ನಾಲ್ಕನೆಯದು ನೋಡುವುದಕ್ಕೆ. ಮಗಳು ದಿನವೂ ಸಂಜೆ ಶಾಖಮಾಪಕವನ್ನು ನೋಡಿ ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಕೆಳಗೆ ಅಂಕಿಯನ್ನು ಬರೆಯುತ್ತಾಳೆ. ನಿನ್ನೆ ಕೋಣೆಯಲ್ಲಿ 35 ಇತ್ತು. ಅವಳು ಪೆನ್ಸಿಲಿನಿಂದ ಒತ್ತಿ ಬರೆದದ್ದು 29.