ಇಪ್ಪತ್ತೈದರ ಸೊಂಟಕ್ಕೆ ಬೆಲ್ಟ್ ಏಕೆ?

ಬೆಂಗಳೂರಿನ ಮೂಳೆ ತಜ್ಞರ ಕ್ಲಿನಿಕ್ಕುಗಳಲ್ಲಿ ಸಂಜೆ ಕಾಯುವವರ ಸಾಲು ನೋಡಬೇಕು. ಕೋಲೂರಿಕೊಂಡು ಬಂದ ಹಿರಿಯರ ಪಕ್ಕದಲ್ಲೇ ಕೊರಳಿಗೆ ಕಂಪನಿಯ ಐ.ಡಿ. ಕಾರ್ಡ್ ನೇತುಹಾಕಿಕೊಂಡ ಹುಡುಗ ಹುಡುಗಿಯರು ಕೂತಿರುತ್ತಾರೆ. ಅವರು ಮೂಟೆ ಹೊತ್ತವರಲ್ಲ, ಎಲ್ಲೂ ಜಾರಿ ಬಿದ್ದವರಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೋ ಶೂ ಲೇಸ್ ಕಟ್ಟಲು ಬಗ್ಗಿದಾಗಲೋ ಸೊಂಟ ಹಿಡಿದುಕೊಂಡಿತು ಎನ್ನುತ್ತಾರೆ. ಮನೆಗೆ ಮರಳುವಾಗ ಹಲವರ ಕೈಯಲ್ಲಿ ನೋವಿನ ಮಾತ್ರೆ, ಸೊಂಟಕ್ಕೆ ಕಟ್ಟುವ ಬೆಲ್ಟು ಮತ್ತು ಎಂಆರ್‌ಐ ಚೀಟಿ ಇರುತ್ತವೆ.

ಜಗತ್ತಿನಲ್ಲಿ ಜನರ ಕೆಲಸ ಕಾರ್ಯಕ್ಕೆ ಅತಿ ಹೆಚ್ಚು ಅಡ್ಡಿ ಮಾಡುವ ತೊಂದರೆ ಸೊಂಟನೋವು. 2020ರಲ್ಲಿ ಸುಮಾರು 61.9 ಕೋಟಿ ಜನರನ್ನು ಇದು ಕಾಡಿತ್ತು. 2050ರ ಹೊತ್ತಿಗೆ 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಬಲ್ಲ ಗಾಯವಾಗಲಿ ರೋಗವಾಗಲಿ ಸಿಗುವುದಿಲ್ಲ. ನೋವು ನಿಜ, ಆದರೆ ಒಳಗೆ ಏನೂ ಮುರಿದಿರುವುದಿಲ್ಲ. ನಮ್ಮ ಯುವಕರಿಗೆ ಮೊದಲು ತಿಳಿಯಬೇಕಾದ ಈ ಸಂಗತಿಯನ್ನು ಯಾರೂ ಕೂರಿಸಿಕೊಂಡು ಹೇಳುತ್ತಿಲ್ಲ.

ಹಾಗಾದರೆ ನೋಯುವುದೇಕೆ? ಬೆನ್ನುಮೂಳೆಯ ಎರಡು ಕಶೇರುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗೆ ವಯಸ್ಕರಲ್ಲಿ ತನ್ನದೇ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಪಕ್ಕದ ಮೂಳೆಯಿಂದ ಪೋಷಕಾಂಶ ನಿಧಾನವಾಗಿ ಒಸರಿ ಅದನ್ನು ಸೇರಬೇಕು. ನಡೆದಾಗ, ಬಗ್ಗಿ ಎದ್ದಾಗ ಡಿಸ್ಕ್ ಮೇಲಿನ ಒತ್ತಡ ಏರಿ ಇಳಿದು ಅದರೊಳಗಿನ ದ್ರವ ಹೋಗಿ ಬರುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಆ ಓಡಾಟ ತಗ್ಗುತ್ತದೆ. ಬೆನ್ನುಮೂಳೆಗೆ ಅಂಟಿಕೊಂಡಂತಿರುವ ಆಳದ ಪುಟ್ಟ ಸ್ನಾಯುಗಳ ಕಥೆಯೂ ಇಂಥದ್ದೇ. ಮಲ್ಟಿಫಿಡಸ್ ಎಂಬ ಸ್ನಾಯು ಪ್ರತಿ ಹೆಜ್ಜೆಯಲ್ಲೂ ಕಶೇರುಗಳನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ಸಲ ಸೊಂಟನೋವು ಬಂದವರನ್ನು ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ 1996ರಲ್ಲಿ ಒಂದು ವಿಷಯ ಪ್ರಕಟಿಸಿದರು: ನೋವು ಮಾಯವಾದ ಮೇಲೂ ಸೊರಗಿದ ಈ ಸ್ನಾಯು ತಾನಾಗಿಯೇ ಮೊದಲಿನಂತಾಗುವುದಿಲ್ಲ, ಅದಕ್ಕೆಂದೇ ವ್ಯಾಯಾಮ ಬೇಕು. ಮಾತ್ರೆಯಲ್ಲಿ ಹೋದ ನೋವು ಮತ್ತೆ ಮತ್ತೆ ಹುಡುಕಿಕೊಂಡು ಬರುವುದರ ಒಂದು ಗುಟ್ಟು ಇಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೂರುವುದೊಂದೇ ನೋವಿಗೆ ಕಾರಣ ಎಂದು ಅಧ್ಯಯನಗಳು ಒಕ್ಕೊರಲಿನಿಂದ ಹೇಳುವುದಿಲ್ಲ. ಕೂತಾಗ ಡಿಸ್ಕ್ ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆಂದು ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲಿ ಅಳೆದು ಹೇಳಿದ್ದರು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೆ ನಡೆದ ಅಳತೆಯಲ್ಲಿ, ಆರಾಮವಾಗಿ ಕೂತಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಇನ್ನು ದಿನವಿಡೀ ಬಗ್ಗಿ ನಾಟಿ ಹಾಕುವ, ಕಳೆ ಕೀಳುವ ಹೆಂಗಸರಿಗೂ ಸೊಂಟನೋವು ತಪ್ಪಿದ್ದಲ್ಲ. ಹಾಗಾಗಿ ನೆಟ್ಟಗೆ ಕೂತರೆ ಸಾಕು, ದುಬಾರಿ ಕುರ್ಚಿ ಕೊಂಡರೆ ಸಾಕು ಎಂಬ ಉಪದೇಶ ಅರ್ಧ ಸತ್ಯವೂ ಅಲ್ಲ. ಯಾವ ಭಂಗಿಯೂ ದಿನವಿಡೀ ಇರಲು ಯೋಗ್ಯವಲ್ಲ.

ಟಾಂಜಾನಿಯಾದ ಹಡ್ಜಾ ಬೇಟೆಗಾರ ಜನರ ಕುರಿತ 2020ರ ಅಧ್ಯಯನವೊಂದು ಇಲ್ಲಿ ನೆನಪಿಗೆ ಬರುತ್ತದೆ. ಅವರೂ ದಿನಕ್ಕೆ ಸುಮಾರು ಹತ್ತು ಗಂಟೆ ವಿರಮಿಸುತ್ತಾರೆ. ಆದರೆ ಸಾಕಷ್ಟು ಹೊತ್ತು ಕುಕ್ಕರುಗಾಲಲ್ಲಿ, ಮೊಣಕಾಲೂರಿ ಕೂರುವುದರಿಂದ ಅವರ ಕಾಲಿನ ಸ್ನಾಯುಗಳು ಆಗಲೂ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತವೆ. ಆ ಅಧ್ಯಯನ ಸೊಂಟನೋವಿನದಲ್ಲ, ನಿಜ. ಆದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದ, ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದ ನಾಡಿನವರು ಅದನ್ನೊಮ್ಮೆ ಯೋಚಿಸಬೇಕು. ಇಂದು ಪಿ.ಜಿ. ಕೋಣೆಯ ಹುಡುಗ ಹಾಸಿಗೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಾನೆ, ಊಟವನ್ನು ಆ್ಯಪ್‌ನಲ್ಲಿ ತರಿಸುತ್ತಾನೆ, ಅಲ್ಲೇ ಮೊಬೈಲ್ ನೋಡುತ್ತಾ ನಿದ್ದೆ ಹೋಗುತ್ತಾನೆ. ಆಫೀಸಿಗೆ ಹೋಗುವ ದಿನವಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಬೈಕಿನ ಮೇಲೆ ಇನ್ನೊಂದಿಷ್ಟು ಹೊತ್ತು ಕೂತಿರುತ್ತಾನೆ, ಗುಂಡಿಗಳ ಕುಲುಕಾಟದ ಸಮೇತ. ನಿದ್ದೆಗೇಡು, ಡೆಡ್‌ಲೈನಿನ ಆತಂಕ, ಧೂಮಪಾನ, ಏರಿದ ತೂಕ ಇವೆಲ್ಲ ಸೊಂಟನೋವಿನ ಜೊತೆಗಾರರು. ನಿದ್ದೆಯಿಲ್ಲದ, ಕಳವಳಗೊಂಡ ಮಿದುಳು ಅದೇ ನೋವನ್ನು ದೊಡ್ಡದಾಗಿ ಕೇಳಿಸಿಕೊಳ್ಳುತ್ತದೆ.

ಇನ್ನು ಎಂಆರ್‌ಐ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಫಲಿತಾಂಶವನ್ನು ಒಟ್ಟುಗೂಡಿಸಿದ 2015ರ ಸಮೀಕ್ಷೆಯ ಪ್ರಕಾರ, ಇಪ್ಪತ್ತರ ಹರೆಯದಲ್ಲೇ ಶೇ 37 ಮಂದಿಯ ಡಿಸ್ಕ್‌ಗಳಲ್ಲಿ ಸವೆತ, ಶೇ 30 ಮಂದಿಯಲ್ಲಿ ಉಬ್ಬು ಇದ್ದವು. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಆದರೆ ಅದೇ ಉಬ್ಬು ರಿಪೋರ್ಟಿನಲ್ಲಿ ಕಂಡರೆ ನೋಯುತ್ತಿರುವ ಹುಡುಗನ ಮನೆಯಲ್ಲಿ ‘ಡಿಸ್ಕ್ ಜಾರಿದೆಯಂತೆ’ ಎಂಬ ಗಾಬರಿ ಶುರು. ಬಗ್ಗಬೇಡ, ಎತ್ತಬೇಡ, ಮಲಗಿಕೋ ಎಂದು ಅಮ್ಮ ಹೇಳುತ್ತಾಳೆ. ಅದು ಅವಳ ಅಕ್ಕರೆ. ವಿಜ್ಞಾನ ಮಾತ್ರ ಬೇರೆ ಮಾತು ಹೇಳುತ್ತದೆ. ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಸಿಗೆ ಹಿಡಿದವರಿಗಿಂತ, ನೋವು ತಾಳುವಷ್ಟರ ಮಟ್ಟಿಗೆ ದಿನದ ಕೆಲಸ ಮುಂದುವರಿಸಿದವರು ಬೇಗ ಚೇತರಿಸಿಕೊಂಡರು. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಕಟ್ಟುವುದನ್ನಾಗಲಿ ಟ್ರ್ಯಾಕ್ಷನ್ ಎಳೆಯುವುದನ್ನಾಗಲಿ ರೂಢಿಯಾಗಿ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ವ್ಯಾಯಾಮ ಮತ್ತು ತಿಳಿವಳಿಕೆ ಕೊಡುವುದನ್ನು ಅದು ಶಿಫಾರಸು ಮಾಡಿದೆ.

ಎಲ್ಲ ನೋವನ್ನೂ ಹೀಗೆ ತಳ್ಳಿಹಾಕುವಂತಿಲ್ಲ. ಬೆಳಗಿನ ಜಾವ ನೋವಿಗೆ ಎಚ್ಚರವಾಗಿ, ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುವ ಈ ಕಾಯಿಲೆಯನ್ನು ಸಂಧಿವಾತ ತಜ್ಞರೇ ನೋಡಬೇಕು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವ ಹಾಗಿಲ್ಲ. ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ಬೇಕಾದದ್ದು ಇಂಥವರಿಗೆ.

ಉಳಿದವರಿಗೆ ಬೇಕಾದದ್ದು ತೀರ ಸಾದಾ ಚಿಕಿತ್ಸೆ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗತಾನೆ ಗುಣವಾದ 701 ಮಂದಿಯ ಪ್ರಯೋಗದ ಫಲಿತಾಂಶ ಹೊರಬಂತು. ಫಿಸಿಯೊಥೆರಪಿಸ್ಟ್ ಸಲಹೆಯಂತೆ ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳುವ ಮಧ್ಯಾಂಕ (ಮೀಡಿಯನ್) ಅವಧಿ 208 ದಿನ. ನಡಿಗೆಯ ಕಾರ್ಯಕ್ರಮ ಇಲ್ಲದವರಿಗೆ 112 ದಿನ. ಗುರಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ.

ಅರ್ಧ ಗಂಟೆ ನಡೆ ಎಂದು ಯುವಕರಿಗೆ ಬುದ್ಧಿ ಹೇಳುವುದು ಸುಲಭ. 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಮಾಡುವುದಿಲ್ಲ. ಹೆಂಗಸರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ಇಷ್ಟು ಜನರನ್ನು ಸೋಮಾರಿಗಳೆಂದು ಜರಿಯುವುದು ಅನ್ಯಾಯ. 2024ರ ಜುಲೈನಲ್ಲಿ ರಾಜ್ಯದ ಐಟಿ ನೌಕರರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಸುದ್ದಿಯಾಯಿತು. ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಆ ವಿರೋಧ ಸರಿಯಾಗಿತ್ತು. 14 ಗಂಟೆ ಕೂತವರ ಪಾಲಿಗೆ ನಡಿಗೆಗೂ ನಿದ್ದೆಗೂ ಉಳಿಯುವ ಸಮಯವೆಷ್ಟು? ಕೆಲಸದ ಅವಧಿಯ ಮಸೂದೆ ಇನ್ನೊಮ್ಮೆ ಚರ್ಚೆಗೆ ಬಂದರೆ ಕಾರ್ಮಿಕ ಇಲಾಖೆಯ ಜೊತೆ ಆರೋಗ್ಯ ಇಲಾಖೆಯೂ ಆ ಮೇಜಿನಲ್ಲಿರಬೇಕು. ಹಾಗೆಯೇ ಚರ್ಚ್ ಸ್ಟ್ರೀಟ್‌ನಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಸಾಧ್ಯವಾದ ಅಗಲ ಪಾದಚಾರಿ ಮಾರ್ಗ ಮಾರತ್‌ಹಳ್ಳಿಗೆ, ಬೊಮ್ಮನಹಳ್ಳಿಗೆ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ನಗರಾಡಳಿತ ಉತ್ತರ ಕೊಡಬೇಕು. ಐಟಿ ಉದ್ಯೋಗಿಗಳ ಪಿ.ಜಿ.ಗಳು ಹೆಚ್ಚಾಗಿ ಇರುವುದು ಅಂಥ ಬಡಾವಣೆಗಳಲ್ಲಿಯೇ.