ತಲೆಯ ಲೆಕ್ಕ ಹಾಕಿದ ತರುಣ



ಕಳೆದ ಸಂಚಿಕೆ ಕೈಸೇರಿದ ಮೇಲೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗ ಅಮೇರಿಕೆಯ ಒಹಾಯೋ ಸಂಸ್ಥಾನದಲ್ಲಿದ್ದಾನೆ. ಮೊಮ್ಮಗನಿಗೆ ಹದಿಮೂರು ವರ್ಷ. ಹುಡುಗ ಈಗ ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಿದ್ದಾನಂತೆ. "ಮೊದಲು ಸಂತೋಷಪಟ್ಟೆ. ಆಮೇಲೆ ಫೋಟೋ ಬಂದಿತು. ತಲೆಗೆ ಕೊಳಗದಂಥ ಶಿರಸ್ತ್ರಾಣ, ಹೆಗಲಿಗೆ ಕವಚ. ಇದು ಆಟವೋ ಕಾಳಗವೋ ತಿಳಿಯದು. ಸೊಸೆ ಬೇಡವೆನ್ನುತ್ತಾಳೆ, ಮಗ ಇರಲಿ ಎನ್ನುತ್ತಾನೆ, ಇಬ್ಬರೂ ನನ್ನನ್ನು ಕೇಳುತ್ತಾರೆ. ನಾನೇನು ಹೇಳಲಿ?" ಎಂದು ಅವರ ಪ್ರಶ್ನೆ.

ಈ ಪುಟದಲ್ಲಿ ಅಡಿಗೆಯಿಂದ ಹಿಡಿದು ಆಸ್ತಿಯ ಪಾಲಿನವರೆಗೆ ಏನೇನೋ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದುಂಟು. ಅಮೇರಿಕೆಯ ಫುಟ್‌ಬಾಲು ಮಾತ್ರ ಇದೇ ಮೊದಲು. ಇಷ್ಟು ದೂರ ಕುಳಿತು ಹುಡುಗ ಆಡಲಿ, ಆಡದಿರಲಿ ಎಂದು ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ಅದೇ ಒಹಾಯೋದಲ್ಲಿ ಬೆಳೆದ ಒಬ್ಬ ತರುಣನ ವೃತ್ತಾಂತ ನನಗೆ ಗೊತ್ತು. ಅದನ್ನು ಹೇಳುತ್ತೇನೆ, ಆ ಮಗ, ಆ ಸೊಸೆ ಇಬ್ಬರೂ ಓದಲಿ.

ಅದಕ್ಕೆ ಮುಂಚೆ ಆಟದ ವಿಷಯ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಚೆಂಡು ಬಹುಮಟ್ಟಿಗೆ ಕೈಯಲ್ಲೇ ಇರುತ್ತದೆ. ಅದು ಗುಂಡಗೂ ಇಲ್ಲ, ಎರಡೂ ತುದಿ ಚೂಪು. ನೂರು ಗಜ ಉದ್ದದ ಬಯಲು. ಒಂದೊಂದು ಕಡೆಗೆ ಹನ್ನೊಂದು ಮಂದಿ. ಚೆಂಡು ಹಿಡಿದ ಪಕ್ಷ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ತಡೆಯುವ ಪಕ್ಷದ ಮುಂಚೂಣಿಯಲ್ಲಿ ಆನೆಯಂಥ ಆಳುಗಳು ನಿಂತಿರುತ್ತಾರೆ. ಅವರ ಬೆನ್ನಿಗೆ ನಿಂತವನೇ ಲೈನ್‌ಬ್ಯಾಕರ್. ಎದುರಾಳಿಯ ಹೂಟವೇನೆಂದು ಕಣ್ಣಲ್ಲೇ ಓದಿ, ಚೆಂಡು ಹೊತ್ತು ನುಗ್ಗಿ ಬರುವವನ ಮೇಲೆ ಬಿದ್ದು ನೆಲಕ್ಕೆ ಕೆಡಹುವುದು ಅವನ ಕೆಲಸ. ಕಬಡ್ಡಿ ನೋಡಿದವರಿಗೆ ಹಿಡಿತ ಗೊತ್ತಿದೆ. ಆದರೆ ಕಬಡ್ಡಿಯಲ್ಲಿ ಬಂದವನನ್ನು ಸುತ್ತುವರಿದು ನಿಲ್ಲಿಸಿದರಾಯಿತು. ಇಲ್ಲಿ ನೂರು ಕಿಲೋಗ್ರಾಮಿನ ಇಬ್ಬರು ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ. ಒಂದು ಸಲವಲ್ಲ, ಪಂದ್ಯದುದ್ದಕ್ಕೂ.

ನಮ್ಮ ಕಥಾನಾಯಕನ ಹೆಸರು ಕ್ರಿಸ್ ಬೋರ್ಲೆಂಡ್. ೧೯೯೦ರ ಡಿಸೆಂಬರಿನಲ್ಲಿ ಹುಟ್ಟಿದವನು. ಊರು ಒಹಾಯೋದ ಕೆಟರಿಂಗ್. ಏಳು ಮಕ್ಕಳ ತುಂಬು ಸಂಸಾರ. ಏಳು ಮಕ್ಕಳಿರುವ ಮನೆಯಲ್ಲಿ ಆಟಕ್ಕೆ ಜೊತೆ ಹುಡುಕಿಕೊಂಡು ಬೀದಿಗೆ ಹೋಗಬೇಕಾಗಿಲ್ಲವಷ್ಟೆ! ಎಂಟನೆಯ ತರಗತಿಯಲ್ಲಿ, ನಾವು ಫುಟ್‌ಬಾಲ್ ಎನ್ನುವ ಆ ಕಾಲ್ಚೆಂಡಿನ ಆಟದಲ್ಲೇ, ಒಮ್ಮೆ ತಲೆಗೆ ಪೆಟ್ಟು ಬಿದ್ದು ಮಂಕು ಕವಿದಿತ್ತು. ಪ್ರೌಢಶಾಲೆಯಲ್ಲಿ ಅಮೇರಿಕೆಯ ಫುಟ್‌ಬಾಲ್ ಆಡುವಾಗ ಇನ್ನೊಮ್ಮೆ. ವೈದ್ಯರು ನೋಡಿ ಹೌದೆಂದದ್ದು ಈ ಎರಡು ಸಲ.

ಅಲ್ಲಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ. ಓದಿದ್ದು ಇತಿಹಾಸ, ಮೆರೆದದ್ದು ಮೈದಾನದಲ್ಲಿ. ೨೦೦೯ರಲ್ಲಿ, ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷವೇ, ಅವರ ವಲಯದ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡ. ಮರುವರ್ಷ ಭುಜ ಕೆಟ್ಟು ಎರಡೇ ಪಂದ್ಯಕ್ಕೆ ಕೂರಬೇಕಾಯಿತು. ಮತ್ತೆ ಎದ್ದ. ೨೦೧೩ರಲ್ಲಿ ಅದೇ ವಲಯದ ರಕ್ಷಣೆಯ ಶ್ರೇಷ್ಠ ಆಟಗಾರನಾದ. ಎತ್ತರ ಐದಡಿ ಹನ್ನೊಂದಂಗುಲ. ನಮ್ಮಲ್ಲಿ ಅದು ಆಜಾನುಬಾಹು ಎನ್ನಿಸಿಕೊಳ್ಳುವ ಎತ್ತರ. ಅಲ್ಲಿ ಲೈನ್‌ಬ್ಯಾಕರನಿಗೆ ಗಿಡ್ಡ. ಆ ಗಿಡ್ಡತನವೂ ಒಂದು ಕಾರಣವಾಗಿರಬೇಕು, ೨೦೧೪ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಈತನ ಸರದಿ ಬಂದದ್ದು ಎಪ್ಪತ್ತೇಳನೆಯದಾಗಿ. ಆರಿಸಿಕೊಂಡವರು ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಟಿನೈನರ್ಸ್. ನಾಲ್ಕು ವರ್ಷಗಳ ಕರಾರು. ಸಹಿ ಮಾಡಿದ್ದಕ್ಕೇ ಆರು ಲಕ್ಷ ಹದಿನೇಳು ಸಾವಿರಕ್ಕೂ ಮೇಲ್ಪಟ್ಟ ಡಾಲರು.

ಆ ತಂಡದ ಹೆಸರಾಂತ ಲೈನ್‌ಬ್ಯಾಕರ್ ಪ್ಯಾಟ್ರಿಕ್ ವಿಲಿಸ್. ಆ ವರ್ಷದ ಅಕ್ಟೋಬರಿನಲ್ಲಿ ಆತ ಕಾಲಿನ ನೋವಿನಿಂದ ಹೊರಗುಳಿದ. ಜಾಗ ಹೊಸಬನಿಗೆ ಬಂದಿತು. ನವೆಂಬರ್ ೨ರಂದು ಸೇಂಟ್ ಲೂಯಿಸಿನವರ ಎದುರು ಒಂದೇ ಪಂದ್ಯದಲ್ಲಿ ಹದಿನೆಂಟು ಸಲ ಎದುರಾಳಿಗಳನ್ನು ಕೆಡಹಿದ. ಹದಿನಾಲ್ಕು ದಿನದ ಮೇಲೆ ನ್ಯೂಯಾರ್ಕ್ ಜಯಂಟ್ಸ್ ತಂಡದ ಎದುರು, ಅವರು ಎಸೆದ ಚೆಂಡನ್ನು ಎರಡು ಸಲ ನಡುಹಾದಿಯಲ್ಲೇ ಕಸಿದುಕೊಂಡ. ಎರಡನೆಯದು ಕೊನೆಯ ನಿಮಿಷದಲ್ಲಿ, ಗೆಲುವಿನ ಬಾಗಿಲಲ್ಲಿ. ಪಂದ್ಯ ೧೬-೧೦ರಿಂದ ಗೆದ್ದಿತು. ಆ ತಿಂಗಳ ರಕ್ಷಣೆಯ ಶ್ರೇಷ್ಠ ಹೊಸ ಆಟಗಾರನೆಂಬ ಮನ್ನಣೆಯೂ ಬಂದಿತು. ಎಂಟು ಪಂದ್ಯಗಳಲ್ಲಷ್ಟೇ ಮೊದಲಿನಿಂದ ಕಣಕ್ಕಿಳಿದವನು ಋತು ಮುಗಿಯುವಷ್ಟರಲ್ಲಿ ನೂರಕ್ಕೂ ಹೆಚ್ಚು ಸಲ ಎದುರಾಳಿಗಳನ್ನು ಕೆಡಹಿದ್ದ. ಹೋದ ಹೋದಲ್ಲಿ ಇವನದೇ ಮಾತು.

ಇನ್ನೇನು, ಕಾರು ಕೊಂಡ, ಬಂಗಲೆ ಕಟ್ಟಿಸಿದ ಎಂದು ಬರೆಯುತ್ತೇನೆಂದುಕೊಂಡಿರೇನೋ. ಕಥೆ ಆ ಕಡೆ ತಿರುಗಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದೇ ವರ್ಷದ ಬೇಸಗೆ, ತಂಡದ ತರಬೇತಿಯ ದಿನಗಳು. ಒಂದು ದಿನ ಅಭ್ಯಾಸದಲ್ಲಿ ಡಿಕ್ಕಿಯಾಗಿ ಬೋರ್ಲೆಂಡನಿಗೆ ತಲೆ ಧಿಮ್ಮೆಂದಿತು. ಹೊಸಬ, ತಂಡದಲ್ಲಿ ಉಳಿಯುವನೋ ಇಲ್ಲವೋ ಎಂಬ ಹೊತ್ತು. ಹೇಳಿದರೆ ಹೊರಗೆ ಕೂರಿಸುತ್ತಾರೆ. ಹೇಳಲಿಲ್ಲ, ಆಡುತ್ತ ಹೋದ. ನಮ್ಮಲ್ಲಿ ಹೊಸ ನೌಕರಿಗೆ ಸೇರಿದ ಹುಡುಗರು ಜ್ವರವಿದ್ದರೂ ರಜ ಕೇಳದೆ ಲೋಕಲ್ ಹತ್ತುವುದಿಲ್ಲವೆ, ಹಾಗೆ. ಆದರೆ ಆ ದಿನದ ನಂತರ ಒಂದು ಪ್ರಶ್ನೆ ಅವನನ್ನು ಬಿಡಲಿಲ್ಲ: ಇಷ್ಟೆಲ್ಲ ತಿಳಿದ ಮೇಲೂ ತಲೆಯನ್ನು ಹೀಗೆ ಬಡಿಸಿಕೊಳ್ಳುತ್ತಲೇ ನಾನು ಬಾಳಬೇಕೆ?

ಇಷ್ಟೆಲ್ಲ ಎಂದರೆ ಎಷ್ಟು? ಅದನ್ನೂ ಹೇಳಿಬಿಡುತ್ತೇನೆ. ಗಿಟುಕಾದ ತೆಂಗಿನಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದ್ದೀರಷ್ಟೆ. ಒಳಗೆ ಕೊಬ್ಬರಿ ಗಡಗಡ ಎನ್ನುತ್ತದೆ. ಮಿದುಳು ಅಷ್ಟು ಸಡಿಲವಾಗಿ ಕುಳಿತಿಲ್ಲ, ಸುತ್ತ ತೆಳುವಾಗಿ ದ್ರವವಿದೆ. ಆದರೂ ಓಡುವ ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಅಲುಗಾಡದೆ ಇರದು. ಶಿರಸ್ತ್ರಾಣ ಬುರುಡೆ ಒಡೆಯದಂತೆ ಕಾಯುತ್ತದೆಯೇ ಹೊರತು, ಬುರುಡೆಯೊಳಗಿನ ಈ ಅಲುಗಾಟವನ್ನು ತಡೆಯಲಾರದು. ಹೀಗೆ ವರ್ಷಗಟ್ಟಲೆ ಬಿದ್ದ ಪೆಟ್ಟುಗಳಿಂದ, ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟುಗಳಷ್ಟೇ ಅಲ್ಲ, ಲೆಕ್ಕಕ್ಕೇ ಬಾರದ ಸಣ್ಣ ಪೆಟ್ಟುಗಳಿಂದಲೂ, ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಮರೆವು, ಸಿಡುಕು, ಖಿನ್ನತೆ, ಕೊನೆಗೆ ಬುದ್ಧಿಮಾಂದ್ಯ. ಬೇನೆ ಇದೆಯೆಂದು ಖಚಿತವಾಗಿ ಹೇಳುವುದು ಆಳು ಸತ್ತ ಮೇಲೆ, ಮಿದುಳನ್ನು ಕೊಯ್ದು ನೋಡಿದಾಗ ಮಾತ್ರ.

ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರ್ ಎಂಬ ಪ್ರಸಿದ್ಧ ಆಟಗಾರ ೨೦೦೨ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡ. ಅವನ ಮಿದುಳಿನಲ್ಲಿ ಇದನ್ನು ಕಂಡವರು ನೈಜೀರಿಯದಿಂದ ವಲಸೆ ಬಂದಿದ್ದ ಡಾಕ್ಟರ್ ಬೆನೆಟ್ ಒಮಾಲು. ೨೦೦೫ರಲ್ಲಿ ಅವರು ಲೇಖನ ಪ್ರಕಟಿಸಿದಾಗ, ಫುಟ್‌ಬಾಲ್ ಲೀಗಿನ ಕಡೆಯ ವೈದ್ಯರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಪತ್ರಿಕೆಗೆ ಬರೆದರು. ಲೇಖನ ಉಳಿಯಿತು. ೨೦೧೨ರ ಮೇ ತಿಂಗಳಲ್ಲಿ ಜೂನಿಯರ್ ಸೇಯೌ, ಇಪ್ಪತ್ತು ಋತು ಆಡಿದ ಲೈನ್‌ಬ್ಯಾಕರ್, ನಲವತ್ತಮೂರನೆಯ ವಯಸ್ಸಿನಲ್ಲಿ ತಾನಾಗಿ ಪ್ರಾಣ ಕಳೆದುಕೊಂಡ. ಮರುವರ್ಷ ಬಂದ ವರದಿಯಲ್ಲಿ ಅವನಿಗೂ ಅದೇ ಬೇನೆ ಇದ್ದಿತೆಂದು ತಿಳಿಯಿತು. ಇವೆಲ್ಲವನ್ನೂ ಬೋರ್ಲೆಂಡ್ ಓದಿದ. ಇತಿಹಾಸದ ವಿದ್ಯಾರ್ಥಿಯಲ್ಲವೆ, ಹಳೆಯ ಕಡತ ಕೆದಕುವ ಚಾಳಿ ಇದ್ದಿರಬೇಕು. ಓದಿ, ಋತು ಆರಂಭವಾಗುವುದಕ್ಕೂ ಮುಂಚೆಯೇ, ಈ ವೃತ್ತಿ ನನಗೆ ಬಹುಕಾಲದ್ದಲ್ಲವೆಂದು ತಂದೆತಾಯಿಗೆ ಕಾಗದ ಬರೆದ. ಆ ನವೆಂಬರಿನ ಜಯಘೋಷಗಳನ್ನು ಆತ ಕೇಳಿದ್ದು ಈ ಕಾಗದ ಹಾಕಿದ ಮೇಲೆ, ನೆನಪಿರಲಿ.

ಋತು ಮುಗಿದ ಮೇಲೆ ಸಂಶೋಧಕರನ್ನು ಕಂಡ, ಹಳೆಯ ಆಟಗಾರರನ್ನು ಕಂಡ, ಮನೆಯವರೊಡನೆ ಕುಳಿತು ಮಾತಾಡಿದ. ೨೦೧೫ರ ಮಾರ್ಚ್ ೧೦ರಂದು ಪ್ಯಾಟ್ರಿಕ್ ವಿಲಿಸ್ ಕಾಲಿನ ತೊಂದರೆಯಿಂದ ನಿವೃತ್ತನಾದ. ಆ ಸ್ಥಾನ ಪೂರ್ತಿಯಾಗಿ ಈ ತರುಣನದೇ ಎಂದು ಎಲ್ಲರೂ ಎಣಿಸುತ್ತಿರುವಾಗ, ವಾರ ತುಂಬುವ ಮೊದಲೇ, ಮಾರ್ಚ್ ೧೬ರಂದು, ತಾನೂ ನಿಲ್ಲಿಸಿದೆನೆಂದು ಬೋರ್ಲೆಂಡ್ ಹೇಳಿದ. ವಯಸ್ಸು ಇಪ್ಪತ್ತನಾಲ್ಕು. ಕೈಕಾಲು ಊನವಾಗಿರಲಿಲ್ಲ, ತಲೆಯಲ್ಲಿ ಬೇನೆಯ ಚಿಹ್ನೆಯೂ ಇರಲಿಲ್ಲ. ಚಿಹ್ನೆ ಕಾಣುವವರೆಗೆ ಕಾದರೆ ಹೊತ್ತು ಮೀರಿರುತ್ತದೆ, ಎಂಬುದೇ ಆತ ಕೊಟ್ಟ ಕಾರಣ.

ನನಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಸಂಗತಿ. ಕರಾರು ನಾಲ್ಕು ವರ್ಷದ್ದು, ಆಡಿದ್ದು ಒಂದು ವರ್ಷ. ಆದಕಾರಣ ಸಹಿಯ ಹಣದಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ತಂಡಕ್ಕೆ ಹಿಂದಿರುಗಿಸಿದ. ನಾಲ್ಕು ಲಕ್ಷ ಅರವತ್ತು ಸಾವಿರಕ್ಕೂ ಮಿಗಿಲಾದ ಡಾಲರು! ಕರಾರಿನ ನಿಯಮ ಹಾಗಿದೆ, ದೊಡ್ಡತನವೇನು ಬಂತು ಎನ್ನಬಹುದು. ಇರಬಹುದು. ಆ ನಿಯಮ ಮುಂಚೆಯೇ ಗೊತ್ತಿದ್ದೂ ಲೆಕ್ಕ ಹಾಕಿ ಎದ್ದು ಬಂದನಲ್ಲ, ಅದನ್ನು ನಾನು ಹೇಳುತ್ತಿರುವುದು.

ಕೆಲವರು ಮೆಚ್ಚಿದರು, ಕೆಲವರು ಪುಕ್ಕಲನೆಂದರು. ಅವನ ನಿರ್ಧಾರವನ್ನು ಗೌರವಿಸುತ್ತೇವೆ, ಆದರೆ ಫುಟ್‌ಬಾಲ್ ಎಂದೂ ಇಷ್ಟು ಸುರಕ್ಷಿತವಾಗಿರಲಿಲ್ಲ ಎಂದು ಲೀಗಿನ ಆರೋಗ್ಯ ವಿಭಾಗದ ಹಿರಿಯ ಅಧಿಕಾರಿ ಹೇಳಿಕೆ ಕೊಟ್ಟರು. ಸರಿಯಾಗಿ ಒಂದು ವರ್ಷಕ್ಕೆ, ೨೦೧೬ರ ಮಾರ್ಚಿನಲ್ಲಿ, ಅಮೇರಿಕೆಯ ಶಾಸನ ಸಭೆಯ ಸದಸ್ಯರು ಈ ಆಟಕ್ಕೂ ಆ ಬೇನೆಗೂ ಸಂಬಂಧವಿದೆಯೆ ಎಂದು ಕೇಳಿದಾಗ, ಖಂಡಿತ ಇದೆ ಎಂದವರೂ ಅದೇ ಅಧಿಕಾರಿಯೇ.

ನಮ್ಮ ಹಿರಿಯರಿಗೆ ಗಾಬರಿಯಾಗುವುದು ಬೇಡ. ಒಂದು ತಿದ್ದುಪಡಿ ಹೇಳಬೇಕು. ೨೦೧೭ರಲ್ಲಿ ಬಾಸ್ಟನ್ನಿನವರು ಲೀಗಿನಲ್ಲಿ ಆಡಿದ್ದ ೧೧೧ ಜನರ ಮಿದುಳುಗಳನ್ನು ಪರೀಕ್ಷಿಸಿ, ೧೧೦ರಲ್ಲಿ ಈ ಬೇನೆ ಕಂಡೆವೆಂದು ಪ್ರಕಟಿಸಿದರು. ಅದನ್ನು ಓದಿ ಆಡಿದವರಿಗೆಲ್ಲ ಬರುತ್ತದೆಂದು ತಿಳಿಯಬಾರದು. ಏನೋ ಸರಿಯಿಲ್ಲವೆಂದು ಅನುಮಾನ ಬಂದ ಮನೆಯವರೇ ಹೆಚ್ಚಾಗಿ ಮಿದುಳನ್ನು ದಾನ ಮಾಡುತ್ತಾರೆ. ನೂರಕ್ಕೆ ಇಷ್ಟು ಮಂದಿಗೆ ಬರುತ್ತದೆ ಎಂಬ ಲೆಕ್ಕ ಅದರಿಂದ ಸಿಗದು. ಎಷ್ಟು ವರ್ಷ ಆಡಿದರು, ಎಷ್ಟು ಪೆಟ್ಟು ತಿಂದರು ಎಂಬುದರ ಮೇಲೆ ಅಪಾಯ ಏರುತ್ತದೆ ಎಂಬಷ್ಟು ನಿಜ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಬೋರ್ಲೆಂಡನ ಕೈಯಲ್ಲಿ ಪದವಿ ಇದ್ದಿತು. ಮುರುಕು ಮನೆಯಿಂದ ಬಂದು, ಸಂಸಾರದ ಹೊರೆಯನ್ನೆಲ್ಲ ಈ ಚೆಂಡಿನ ಮೇಲೆ ಹೊತ್ತ ಹುಡುಗರು ಆ ಲೀಗಿನಲ್ಲಿ ಎಷ್ಟೋ ಮಂದಿ. ಅವರಿಗೂ ತಲೆ ಇದೆ. ಆದರೆ ಎದ್ದು ಹೋಗಲು ಬಾಗಿಲು ಎಲ್ಲಿದೆ? ಬೋರ್ಲೆಂಡನನ್ನು ಹೊಗಳುವ ಭರದಲ್ಲಿ ಅವರನ್ನು ದಡ್ಡರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಟ ಬಿಟ್ಟ ಮೇಲೆ ಆತನೂ ಅಂಥ ಹಳೆಯ ಆಟಗಾರರ ಕಷ್ಟಸುಖದ ಕೆಲಸಕ್ಕೇ ಕೈಹಾಕಿದ. ಧ್ಯಾನವನ್ನು ಕಲಿತು ಅವರಿಗೂ ಅದರ ಪರಿಚಯ ಮಾಡಿಸಿದ.

ಇನ್ನು ಒಹಾಯೋದ ಹುಡುಗನ ವಿಷಯ. ತಾತನವರೆ, ಮೊಮ್ಮಗನಿಗೆ ಫೋನು ಮಾಡಿದಾಗ ಮೊದಲು ಅವನ ಸ್ಥಾನ ಯಾವುದೆಂದು ಕೇಳಿರಿ. ಆಮೇಲೆ, ತಲೆ ಧಿಮ್ಮೆಂದರೆ ಯಾರಿಗೆ ಹೇಳುತ್ತೀಯ ಎಂದು ಕೇಳಿರಿ. "ಯಾರಿಗೂ ಇಲ್ಲ" ಎಂದರೆ ಸೊಸೆಯ ಕಡೆ ನಿಮ್ಮ ಓಟು ಹಾಕಿಬಿಡಿ. ಸೊಂಟದ ಪಟ್ಟಿಗೆ ಸಿಕ್ಕಿಸಿದ ಬಟ್ಟೆಯ ತುಂಡನ್ನು ಕಿತ್ತುಕೊಂಡರೆ ಆಳು ಬಿದ್ದಂತೆಯೇ ಎಂದೆಣಿಸುವ ಇನ್ನೊಂದು ಬಗೆಯ ಫುಟ್‌ಬಾಲೂ ಅಲ್ಲಿದೆ, ಕೆಡಹುವುದಿಲ್ಲ, ಡಿಕ್ಕಿಯಿಲ್ಲ. ೨೦೨೮ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೂ ಅದನ್ನೇ ಸೇರಿಸಿದ್ದಾರೆ. ಅವರ ಶಾಲೆಯಲ್ಲಿ ಅದುಂಟೋ ವಿಚಾರಿಸಲು ಮಗನಿಗೆ ಹೇಳಿ. ಏನಾಯಿತೆಂದು ಕಾಗದ ಹಾಕಿ. ಮುಂದಿನ ಸಂಚಿಕೆಗೆ ಇನ್ನೂ ಸಮಯವಿದೆ.