ಎಂಜಿನ್ ಕೊಟ್ಟರು, ಸ್ಪ್ರಿಂಗ್ ಮರೆತರು

ಹಳೆಯ ಅಮೆರಿಕನ್ ಮಸಲ್ ಕಾರು ಎಂದರೆ ಗೆಳೆಯರೆಲ್ಲ ಎಂಜಿನ್ ಬಗ್ಗೆಯೇ ಮಾತಾಡುತ್ತಾರೆ. ನನ್ನ ತಕರಾರು ಸ್ಪ್ರಿಂಗ್ ಬಗ್ಗೆ. ಲಾರಿಯ ಕೆಳಗೆ ಪಟ್ಟಿಗಳ ಕಟ್ಟು ಕಾಣುತ್ತದಲ್ಲ, ಅದೇ ಲೀಫ್ ಸ್ಪ್ರಿಂಗ್. 1967ರ ಷೆವ್ರೊಲೆ ಕ್ಯಾಮರೊದ ಹಿಂಬದಿಯಲ್ಲಿ ಎರಡೂ ಕಡೆ ಒಂದೊಂದೇ ಪಟ್ಟಿ, ದೊಡ್ಡ ವಿ8 ಎಂಜಿನ್ ಕೊಂಡವರಿಗೂ! ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ಕುಪ್ಪಳಿಸುತ್ತಿದ್ದವು. ಹೆಚ್ಚು ಹಣ ಕೊಟ್ಟರೆ ಎಫ್41 ಎಂಬ ಗಟ್ಟಿ ಸಸ್ಪೆನ್ಷನ್ ಸಿಗುತ್ತಿತ್ತು. ಅದರಲ್ಲೂ ಒಂದೇ ಪಟ್ಟಿ. 1968ರಲ್ಲಿ ಕಂಪನಿ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿತು. ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಬಂತು.

ಗ್ರಾಹಕರಿಗೆ ಆಯ್ಕೆ ಇರಲಿ, ಕಾಮರ್ಸ್ ಓದುವ ನಾನೂ ಒಪ್ಪುತ್ತೇನೆ. ರೇಡಿಯೊ ಬೇಕೋ ಬೇಡವೋ ಅವರೇ ಹೇಳಲಿ. ಆದರೆ ದೊಡ್ಡ ಎಂಜಿನ್ ಮಾರಿದವರು ಅದನ್ನು ತಾಳುವ ಸ್ಪ್ರಿಂಗನ್ನೂ ಮೊದಲ ವರ್ಷವೇ, ಅದೇ ಬೆಲೆಯಲ್ಲಿ ಕೊಡಬೇಕಿತ್ತು.